ಹಂಗಿನ ಅನ್ನ

ದಾನಗಳಲ್ಲೆಲ್ಲ ಅನ್ನದಾನವೇ ದೊಡ್ಡದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದಕ್ಕೆ ಅವರು ಕೊಡುವ ಕಾರಣವೂ ಸೊಗಸಾದದ್ದೇ. ಹೊನ್ನು ಕೊಟ್ಟರೆ ಪಡೆದವನು ಇನ್ನಷ್ಟು ಎನ್ನುತ್ತಾನೆ. ಭೂಮಿ ಕೊಟ್ಟರೆ ಪಕ್ಕದ ಗದ್ದೆಯ ಮೇಲೆ ಕಣ್ಣಿಡುತ್ತಾನೆ. ಅನ್ನವಿಕ್ಕಿದರೆ ಮಾತ್ರ ಎಲೆಯ ಮೇಲೆ ಎರಡು ಕೈಯನ್ನೂ ಅಡ್ಡ ಹಿಡಿದು "ಸಾಕು" ಎನ್ನುತ್ತಾನೆ. ಪಡೆದವನ ಬಾಯಿಂದಲೇ ಸಾಕೆನ್ನಿಸುವ ದಾನ ಇದೊಂದೇ.

ಈ ಮಾತನ್ನು ಮದುವೆಯ ಮನೆಗಳಲ್ಲಿ, ಆರಾಧನೆಗಳಲ್ಲಿ, ಜಾತ್ರೆಯ ಛತ್ರಗಳಲ್ಲಿ ಚಿಕ್ಕಂದಿನಿಂದಲೂ ಕೇಳಿದ್ದೇನೆ. ಸುಳ್ಳೆಂದು ಹೇಳಲಾರೆ. ಆದರೆ ಇದನ್ನು ಮೊದಲು ಆಡಿದವರು ಬಡಿಸುವ ಸಾಲಿನಲ್ಲಿ ನಿಂತಿದ್ದವರೇ ಇರಬೇಕು, ಉಣ್ಣುವ ಸಾಲಿನಲ್ಲಿ ಕುಳಿತವರಲ್ಲ ಎಂಬ ಸಂಶಯ ನನಗೆ ಬಹಳ ದಿನದಿಂದ ಇದೆ. ಕುಳಿತವನ ಹೊಟ್ಟೆಯಲ್ಲಿ ಬೇರೆ ಮಾತುಗಳೂ ಇರುತ್ತವೆ. "ಇದು ಬೇಡ", "ಅದು ಬೇಕು", "ಸಾರಿಗೆ ಉಪ್ಪು ಸಾಲದು", "ನಾಳೆಯೂ ಇದೆಯೆ?" ತನ್ನ ಮನೆಯಲ್ಲಿ ಉಣ್ಣುವವನು ಇವನ್ನೆಲ್ಲ ದಿನಕ್ಕೆರಡು ಸಲ ಹೇಳುತ್ತಾನೆ, ಹೇಳಿದ್ದನ್ನು ಕೈ ತೊಳೆಯುವ ಹೊತ್ತಿಗೆ ಮರೆತಿರುತ್ತಾನೆ. ದಾನದ ಎಲೆಯ ಮುಂದೆ ಕುಳಿತವನು ಇವನ್ನು ಹೇಳುವಂತಿಲ್ಲ. ಹೇಳಲಾಗದೆ ನುಂಗಿದ ಈ ಮಾತುಗಳಿಗೂ ಒಂದು ಬೆಲೆಯುಂಟೆ? ಉಂಟಾದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ನಮ್ಮ ದೊಡ್ಡಪ್ಪನವರು 1930ರ ದಶಕದಲ್ಲಿ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರಾನ್ನವೆಂದರೇನೆಂದು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕಾದೀತು. ಹಳ್ಳಿಯಿಂದ ಓದಲು ಬಂದ ಬಡ ಬ್ರಾಹ್ಮಣರ ಹುಡುಗ ಪೇಟೆಯಲ್ಲಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳನೆಯ ಮನೆ ಸಿಕ್ಕದಿದ್ದರೆ ವಾರದಲ್ಲೊಂದು ದಿನ ಉಪವಾಸ. ಹೀಗೆ ಓದಿ ಮುಂದೆ ದೊಡ್ಡ ಹೆಸರು ಪಡೆದವರು ಕನ್ನಡನಾಡಿನಲ್ಲಿ ಅನೇಕರಿದ್ದಾರೆ. ಅದು ಒಂದು ಜಾತಿಯೊಳಗಿನ ಏರ್ಪಾಡು ಎಂಬುದನ್ನು ಮರೆಯತಕ್ಕದ್ದಲ್ಲ. ಉಳಿದ ಸಮುದಾಯದವರು ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಳ್ಳಬೇಕಾಯಿತು; ಪಂಕ್ತಿಯ ಹತ್ತಿರಕ್ಕೂ ಬರಗೊಡದಿದ್ದ ಜನರಿಗೆ ಸಿಕ್ಕುತ್ತಿದ್ದದ್ದು ಪಂಕ್ತಿ ಎದ್ದಮೇಲೆ ಉಳಿದದ್ದು, ಅದೂ ಬೀದಿಯಲ್ಲಿ. "ಸಾಕು" ಎಂಬ ಮಾತಿನ ಸೊಗಸು ಆ ಬೀದಿಯವರೆಗೆ ಹೋಗಿರಲಿಲ್ಲ.

ದೊಡ್ಡಪ್ಪನವರು ಊಟದ ವಿಷಯದಲ್ಲಿ ಎಂದೂ ಏನೂ ಹೇಳಿದವರಲ್ಲ. ಚೆನ್ನಾಗಿದೆಯೆಂದೂ ಇಲ್ಲ, ಕೆಟ್ಟಿದೆಯೆಂದೂ ಇಲ್ಲ. ದೊಡ್ಡಮ್ಮನಿಗೆ ಇದು ಗಂಡನ ದೊಡ್ಡಗುಣವೆಂದು ಹೆಮ್ಮೆ. ಒಳಗೊಳಗೇ ಬೇಸರವೂ ಇತ್ತೆಂದು ತೋರುತ್ತದೆ. ಒಂದು ದಿನ ಹುಳಿಗೆ ಉಪ್ಪೇ ಬಿದ್ದಿರಲಿಲ್ಲ. ನಾನು ತುತ್ತನ್ನು ಬಾಯಲ್ಲಿಟ್ಟು ಅವರ ಕಡೆ ನೋಡಿದೆ. ಅವರು ನೆಮ್ಮದಿಯಾಗಿ ಕಲಸಿ ಉಣ್ಣುತ್ತಿದ್ದರು.

"ದೊಡ್ಡಪ್ಪ, ಹುಳಿಗೆ ಉಪ್ಪಿಲ್ಲ, ನಿಮಗೆ ಗೊತ್ತಾಗಲಿಲ್ವೆ?" ಎಂದೆ.

"ಇಲ್ವೇನೋ?" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ವರ್ಷ ಏಳು ಮನೇಲಿ ಉಂಡವನಿಗೆ ನಾಲಿಗೆ ಇರಬಾರದಪ್ಪ. ಇದ್ದಿದ್ದರೆ ಓದು ಮುಗೀತಿರಲಿಲ್ಲ" ಎಂದರು.

ಕಹಿಯಿಂದ ಆಡಿದ ಮಾತಲ್ಲ ಅದು. ತಮಗೆ ಅನ್ನವಿಕ್ಕಿದ ಮನೆಗಳವರನ್ನು ಅವರು ಸಾಯುವತನಕ ನೆನೆಯುತ್ತಿದ್ದರು. "ನಮ್ಮ ಗುರುವಾರದ ಮನೆಯವರು" ಎಂದು ಹೇಳುವಾಗ ಅವರ ದನಿಯಲ್ಲಿ ತವರಿನ ಮಾತಾಡುವ ಹೆಣ್ಣುಮಕ್ಕಳ ಒಲವು ಇರುತ್ತಿತ್ತು. ಗುರುವಾರದ ಮನೆಯವರು ಊರಿಗೆ ಹೋಗಬೇಕಾದರೆ ಪಕ್ಕದ ಮನೆಯಲ್ಲಿ ಹೇಳಿಟ್ಟು ಹೋಗುತ್ತಿದ್ದರಂತೆ. ಅಂದರೆ ಆ ಗೃಹಸ್ಥರು ಅನ್ನದ ಜೊತೆಗೆ ಒಂದು ದಿನವನ್ನೂ ಕೊಟ್ಟಿದ್ದರು. ಆ ದಿನಕ್ಕೆ ತಾವೂ ಕಟ್ಟುಬಿದ್ದಿದ್ದರು. ಇದು ಸಣ್ಣ ವಿಷಯವಲ್ಲ. ಆದರೂ ನಾಲಿಗೆ ಹೋಗಿತ್ತು. ಇಷ್ಟು ಒಳ್ಳೆಯವರ ಕೈಯಲ್ಲಿ, ಇಷ್ಟು ನಿಯಮದಿಂದ, ಇಷ್ಟು ಪ್ರೀತಿಯಿಂದ ನಡೆದ ದಾನವೂ ಪಡೆದವನಿಂದ ಏನನ್ನೋ ತೆಗೆದುಕೊಂಡೇ ಕೊಡುವುದಾದರೆ, ಲೋಪವಿರುವುದು ಕೊಡುವವರ ಗುಣದಲ್ಲಿ ಅಲ್ಲ, ಬೇರೆಲ್ಲೋ ಇರಬೇಕು.

ಹಸಿದ ಮನುಷ್ಯ ಬೇರೆ, ಹಸಿದ ಮನೆ ಬೇರೆ. ಛತ್ರಕ್ಕೆ ಬರುವವನು ಹಸಿದ ಮನುಷ್ಯ. ಅವನನ್ನು ನಾವು ನೋಡಬಲ್ಲೆವು. ಹಸಿದ ಮನೆ ಎದ್ದು ಛತ್ರಕ್ಕೆ ಬರುವುದಿಲ್ಲ. ಅದು ಬಾಗಿಲು ಮುಚ್ಚಿಕೊಂಡು, ಅಂಗಳ ಸಾರಿಸಿ, ರಂಗೋಲೆಯಿಟ್ಟು, ಎಲ್ಲರ ಮನೆಯಂತೆಯೇ ಕಾಣುತ್ತಿರುತ್ತದೆ. ಒಳಗೆ ಏನು ನಡೆಯುತ್ತದೆ? ಮೊದಲು ತುಪ್ಪ ಹೋಗುತ್ತದೆ, ಆಮೇಲೆ ತರಕಾರಿ. ಬೇಳೆ ತಿಳಿಯಾಗುತ್ತ ಹೋಗಿ ಹೆಸರಿಗೆ ಮಾತ್ರ ಉಳಿಯುತ್ತದೆ. ಹಾಲಿನವನಿಗೆ "ಮಕ್ಕಳು ಕುಡಿಯೋದಿಲ್ಲ, ನಾಳೆಯಿಂದ ಬೇಡ" ಎಂದು ಹೇಳಿ ಕಳುಹಿಸುತ್ತಾರೆ. ಕಡೆಗೆ ಊಟದ ಸರದಿಯೇ ತೂಕವಾಗುತ್ತದೆ: ದುಡಿದು ಬರುವವನಿಗೆ ಮೊದಲು, ಮಕ್ಕಳಿಗೆ ಆಮೇಲೆ, ತಳದಲ್ಲಿ ಉಳಿದದ್ದು ಬಡಿಸಿದವಳಿಗೆ. ಉಳಿಯದಿದ್ದರೆ ಅವಳಿಗೆ ಅಂದು ಏಕಾದಶಿ, ಇಲ್ಲವೆ ಸಂಕಷ್ಟಿ, ಇಲ್ಲವೆ "ಯಾಕೋ ಹಸಿವೇ ಇಲ್ಲ". ನಮ್ಮ ಹೆಂಗಸರ ವ್ರತಗಳಲ್ಲಿ ದೇವರಿಗಾಗಿ ಮಾಡಿದವೆಷ್ಟು, ಡಬ್ಬ ಬರಿದಾದದ್ದಕ್ಕೆ ಮಾಡಿದವೆಷ್ಟು ಎಂಬುದನ್ನು ಯಾರೂ ಎಣಿಸಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಮಕ್ಕಳು ಯಾರೂ ಬೀದಿಯಲ್ಲಿ ಕೈಚಾಚಿ ನಿಂತವರಲ್ಲ, ಮನೆಯೊಳಗೆ ಇದ್ದವರು.

ನಮ್ಮೂರಿನಲ್ಲಿ ನಮ್ಮ ಹಿತ್ತಲಿಗೆ ತಗುಲಿದಂತೆ ಇಂಥದೊಂದು ಸಂಸಾರವಿತ್ತು. ಯಜಮಾನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು, ಮಂಡಿ ಮುಚ್ಚಿತು. ಆಕೆ ಹಿತ್ತಲ ಬಾಗಿಲಿಗೆ ಬಂದು, "ಒಂದು ಪಾವು ಅಕ್ಕಿ ಇದ್ದರೆ ಕೊಡೀಮ್ಮ, ಸಂತೆ ದಿನ ತಂದುಕೊಡ್ತೀನಿ" ಎನ್ನುತ್ತಿದ್ದರು. ನಮ್ಮ ತಾಯಿ ಪಾವನ್ನು ತುಂಬಿ, ಕೈಯಿಂದ ಸವರಿ, ಸಮಮಾಡಿ ಕೊಡುತ್ತಿದ್ದರು. ರಾಶಿಯಾಗಿ ಕೊಡಬಾರದೆ ಎಂದು ನನಗೆ ಸಿಟ್ಟು. ರಾಶಿಯಾಗಿ ಕೊಟ್ಟರೆ ಅದು ಕಡವಾಗುವುದಿಲ್ಲ, ದಾನವಾಗುತ್ತದೆ. ಆಮೇಲೆ ಆಕೆ ಬರುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಸಂತೆಯ ದಿನ ಕಳೆದು ಎಷ್ಟೋ ದಿನಕ್ಕೆ ಅಕ್ಕಿ ಹಿಂದಕ್ಕೆ ಬಂದಾಗ ತಾಯಿ ಅದನ್ನು ಅಳೆದೇ ತೆಗೆದುಕೊಳ್ಳುತ್ತಿದ್ದರು. ಇಷ್ಟೇ ಅಲ್ಲ, ನಮ್ಮ ಹಿತ್ತಲಲ್ಲಿ ಕರಿಬೇವಿನ ಗಿಡವಿದ್ದರೂ ನನ್ನನ್ನು ಆ ಮನೆಗೆ ಅಟ್ಟಿ, "ನಾಲ್ಕು ಎಸಳು ಕರಿಬೇವು ಕೇಳಿಕೊಂಡು ಬಾ" ಎನ್ನುತ್ತಿದ್ದರು. ಕೊಡುವುದಕ್ಕೆ ಬೇಕಾದ ಜಾಣತನದ ಬಹುಪಾಲು ಕೇಳುವುದರಲ್ಲಿಯೇ ಇದೆಯೆಂಬುದನ್ನು ಅವರು ಯಾವ ಶಾಸ್ತ್ರದಲ್ಲಿ ಓದಿದ್ದರೋ ನಾನರಿಯೆ.

ಆದರೆ ಪಾವಿನ ಅಳತೆಯ ಕಷ್ಟಕ್ಕೆ ಪಾವಿನ ಅಳತೆಯ ಜಾಣತನ ಸಾಕು. ನಾಡೇ ಹಸಿದಾಗ ಏನು ಮಾಡುವುದು? ಧಾತು ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 78ರವರೆಗಿನ ಬರವನ್ನು, ನಮ್ಮ ಅಜ್ಜಂದಿರು ತಮ್ಮ ಅಜ್ಜಂದಿರಿಂದ ಕೇಳಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಬರದ ನಡುವೆ, 1877ರಲ್ಲಿ, ಸರ್ಕಾರದ ಕಡೆಯಿಂದ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದು ಲೆಕ್ಕ ಹಾಕಿದನು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ಸಾಲದೆಂದು ಜಗಳವಾಡಿದನು. ಇಲ್ಲಿ ಗಮನಿಸಬೇಕಾದದ್ದೊಂದಿದೆ. "ಸಾಕು" ಎಂಬ ಮಾತು ಇಲ್ಲಿ ಬಂದದ್ದು ಕೊಡುವವನ ಬಾಯಿಂದ. ಅನ್ನದಾನದ ಹೆಗ್ಗಳಿಕೆಯೆಂದು ನಾವು ಹೇಳುತ್ತ ಬಂದದ್ದು ಒಂದೇ ಏಟಿಗೆ ತಲೆಕೆಳಗಾಯಿತು. ಎಲೆಯ ಮುಂದೆ ಕುಳಿತವನು ಸಾಕೆನ್ನುವತನಕ ಬಡಿಸುವುದು ಕೊಡುವವನು ಒಪ್ಪಿದಷ್ಟು ದಿನ ಮಾತ್ರ ನಡೆಯುವ ಸೌಜನ್ಯ. ಒಪ್ಪದಿದ್ದರೆ ಸೌಟು ಅವನ ಕೈಯಲ್ಲೇ ಇದೆ.

ಒಂದು ದೇಶವೇ ಎಲೆಯ ಮುಂದೆ ಕುಳಿತದ್ದನ್ನೂ ನಮ್ಮ ಪೀಳಿಗೆ ಕಂಡಿದೆ. 1956ರಿಂದ ಅಮೆರಿಕದ ಪಿ. ಎಲ್. 480 ಕಾನೂನಿನ ಮೇರೆಗೆ ಗೋಧಿಯ ಹಡಗುಗಳು ಬರತೊಡಗಿದವು. ಮಳೆ ಹೋದ 1966ರಲ್ಲಿ ನಾವು ಹೊರಗಿನಿಂದ ತರಿಸಿಕೊಂಡ ಧಾನ್ಯ ಒಂದು ಕೋಟಿ ಟನ್ನಿನಷ್ಟು. ಅಧ್ಯಕ್ಷ ಜಾನ್ಸನ್ ಆ ಹಡಗುಗಳನ್ನು ಒಮ್ಮೆಗೇ ಬಿಡದೆ, ನಮ್ಮ ನಡತೆ ನೋಡಿಕೊಂಡು, ಸ್ವಲ್ಪಸ್ವಲ್ಪವಾಗಿ ಬಿಡುತ್ತಿದ್ದನು. ವಿಯೆಟ್ನಾಮಿನ ವಿಷಯದಲ್ಲಿ ದಿಲ್ಲಿ ಏನು ಹೇಳಿತು ಎಂಬುದೂ ಆ ಲೆಕ್ಕದೊಳಗೆ ಸೇರಿತ್ತು. ನಮಗೆ, ಆಗ ಶಾಲೆಗೆ ಹೋಗುತ್ತಿದ್ದ ಹುಡುಗರಿಗೆ, ಇದಾವುದೂ ಗೊತ್ತಿರಲಿಲ್ಲ. ಮಧ್ಯಾಹ್ನ ಸಾಲಾಗಿ ಕುಳಿತು ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟನ್ನು ಮುತ್ತುಗದೆಲೆಯಲ್ಲಿ ಹಾಕಿಸಿಕೊಂಡು ತಿಂದೆವು. ಅದರ ಪರಿಮಳ ಈಗಲೂ ನೆನಪಿಗೆ ಬರುತ್ತದೆ. ಮಕ್ಕಳಿಗೆ ಹಂಗು ತಿಳಿಯದು. ಅದು ತಿಳಿದದ್ದು ದಿಲ್ಲಿಯಲ್ಲಿ ಕುಳಿತ ದೊಡ್ಡವರಿಗೆ. ಉಪ್ಪು ಸಾಲದು ಎನ್ನಲಾಗದ ದೊಡ್ಡಪ್ಪನ ಸ್ಥಿತಿಯೇ ಒಂದು ಸರ್ಕಾರದ ಸ್ಥಿತಿಯೂ ಆಗಿತ್ತು.

ಕಣಜ ತುಂಬಿದರೆ ಇದೆಲ್ಲ ತೀರಿಹೋಗುತ್ತದೆಂದು ಆಗ ಅಂದುಕೊಂಡಿದ್ದೆವು. ಕಣಜ ತುಂಬಿತು. 2001ರಲ್ಲಿ ಸರ್ಕಾರದ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಮೀರಿದ ಧಾನ್ಯ ಬಿದ್ದಿದ್ದಾಗಲೇ ರಾಜಸ್ಥಾನದಂಥ ಕಡೆಗಳಲ್ಲಿ ಜನ ಹಸಿದಿದ್ದರು. ಬರಗಾಲಕ್ಕೆ ಕಾರಣ ಧಾನ್ಯದ ಅಭಾವಕ್ಕಿಂತ ಹೆಚ್ಚಾಗಿ ಅದನ್ನು ಪಡೆಯುವ ದಾರಿಯ ಅಭಾವ ಎಂದು ಅಮರ್ತ್ಯ ಸೇನರು 1943ರ ಬಂಗಾಳದ ಬರವನ್ನು ಅಭ್ಯಾಸಮಾಡಿ 1981ರಲ್ಲಿಯೇ ಬರೆದಿದ್ದರು. ಆ ವರ್ಷ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 2001ರ ನವೆಂಬರ್ 28ರಂದು ಬಂದ ಆಜ್ಞೆಯಿಂದ ಶಾಲೆಗಳಲ್ಲಿ ಬಿಸಿಯೂಟ ಕೊಡುವುದು ರಾಜ್ಯಗಳ ಕರ್ತವ್ಯವಾಯಿತು. 2013ರಲ್ಲಿ ಆಹಾರ ಭದ್ರತೆಯ ಕಾನೂನು ಬಂದು, ಅರ್ಹ ಮನೆಯ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯದ ಮನೆಗೆ 35 ಕಿಲೋ, ಹಕ್ಕಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಹೆಂಗಸೇ ಎಂದೂ ಆ ಕಾನೂನು ಹೇಳಿತು. ತಳದಲ್ಲಿ ಉಳಿದದ್ದನ್ನು ಉಣ್ಣುವವಳ ಹೆಸರು ಚೀಟಿಯಲ್ಲಿಯಾದರೂ ಮೊದಲು ಬಂದಿತು.

ಹಕ್ಕು ಎಂದ ಕೂಡಲೇ ನಮ್ಮ ಮಧ್ಯಮವರ್ಗದ ಸ್ನೇಹಿತರು ಮುಖ ಸಿಂಡರಿಸುತ್ತಾರೆ. ಪುಕ್ಕಟೆ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಅವರ ವಾದ. ಈ ವಾದವನ್ನು ನಾನು ಅತಿ ಹೆಚ್ಚಾಗಿ ಕೇಳಿರುವುದು ಮದುವೆಯ ಊಟದ ಮೂರನೆಯ ಪಂಕ್ತಿಗೆ ಕಾಯುತ್ತ ಕುರ್ಚಿಯಲ್ಲಿ ಕುಳಿತವರಿಂದ. ಐದು ಕಿಲೋ ಅಕ್ಕಿಯೆಂದರೆ ದಿನಕ್ಕೆ ಕೆಲವೇ ಹಿಡಿ. ಅದಕ್ಕೆ ಬೇಳೆ, ಉಪ್ಪು, ಎಣ್ಣೆ, ಸೌದೆ ಬೇಡವೆ? ಸೋಮಾರಿಯಾಗಿರಲು ಅಷ್ಟು ಕಡಿಮೆ ಸಾಮಾನು ಸಾಕಾಗುವುದಿಲ್ಲ. ಅದಿರಲಿ. ವಿನೋದವೆಂದರೆ, ಇದೇ ಜನ ಅನ್ನದಾನಕ್ಕೆ ಧಾರಾಳವಾಗಿ ಕೊಡುತ್ತಾರೆ. ಅಲ್ಲಿ ಉಂಡವರು ಸೋಮಾರಿಗಳಾದಾರೆಂಬ ಭಯ ಅವರಿಗಿಲ್ಲ. ಅಕ್ಕಿ ಪುಕ್ಕಟೆಯಾದದ್ದಲ್ಲ ಅವರ ಸಂಕಟ, ಅದಕ್ಕೆ ಯಾರೂ ತಮಗೆ ಕೈಮುಗಿಯಬೇಕಾಗಿಲ್ಲ ಎಂಬುದು.

ಆದರೆ ನಮ್ಮ ಸರ್ಕಾರಗಳಿಗೂ ಕೈಮುಗಿಸಿಕೊಳ್ಳುವ ಆಸೆ ಹೋದಂತಿಲ್ಲ. 2013ರ ಜುಲೈಯಲ್ಲಿ ಕರ್ನಾಟಕದಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಕೊಡತೊಡಗಿದಾಗ ಇಟ್ಟ ಹೆಸರು ಅನ್ನಭಾಗ್ಯ. ಒಳ್ಳೆಯ ಕೆಲಸ, ಅದರಿಂದ ಎಷ್ಟೋ ಮನೆಗಳ ಏಕಾದಶಿ ತಪ್ಪಿತು. ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ಭಾಗ್ಯವೆಂದರೆ ಮೇಲಿನಿಂದ ಬೀಳುವುದು. ಬಿದ್ದರೆ ಬಿತ್ತು, ಇಲ್ಲದಿದ್ದರೆ ಹಣೆಬರಹ. ಹಕ್ಕಿನ ವಸ್ತುವಿಗೆ ಹಣೆಬರಹದ ಹೆಸರೇಕೆ? ಪಡಿತರದ ಅಂಗಡಿಯ ಸಾಲೂ ಏನು ಸುಖದ್ದಲ್ಲ. ಬಟ್ಟೆ ಒಗೆದು, ಗಾರೆ ಕಲಸಿ ಬೆರಳಚ್ಚು ಸವೆದ ಮುದುಕಿಯನ್ನು ಯಂತ್ರ ಗುರುತಿಸದಿದ್ದರೆ ಅವಳು ನಾಳೆ ಬರಬೇಕು. ಹೀಗಿದ್ದೂ ಒಂದು ವ್ಯತ್ಯಾಸವನ್ನು ಕಂಡಿದ್ದೇನೆ. ಆ ಸಾಲಿನಲ್ಲಿ ಜಗಳವಿರುತ್ತದೆ. "ತಕ್ಕಡಿ ಸರಿಯಾಗಿ ಹಿಡೀರಿ", "ಹೋದ ತಿಂಗಳದ್ದು ಎಲ್ಲಿ?", "ಹುಳ ಬಿದ್ದದ್ದು ನಮಗೇ ಯಾಕೆ?" ಎಂದು ಹೆಂಗಸರು ಏರಿದ ದನಿಯಲ್ಲಿ ಕೇಳುತ್ತಾರೆ. ದಾನದ ಪಂಕ್ತಿಯಲ್ಲಿ ಈ ದನಿಯನ್ನು ನಾನು ಎಂದೂ ಕೇಳಿಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಐದು ರೂಪಾಯಿಯಿಂದ ಸರ್ಕಾರಕ್ಕೆ ಏನೂ ಗಿಟ್ಟದು. ಆದರೆ ಕೂಲಿಯ ಒಬ್ಬ ಹುಡುಗ ಚಿಲ್ಲರೆ ಎಣಿಸಿಕೊಟ್ಟು, ತಟ್ಟೆ ಮುಂದೆ ಚಾಚಿ, "ಚಟ್ನಿ ಇನ್ನೊಂಚೂರು ಹಾಕಿ ಸಾರ್" ಎಂದದ್ದನ್ನು ನೋಡಿದಾಗ, ಆ ನಾಣ್ಯ ಕೊಂಡದ್ದು ಇಡ್ಲಿಯನ್ನಲ್ಲ, ಆ ಮಾತನ್ನು ಎನಿಸಿತು.

ಏನು ಉಣ್ಣಬೇಕೆಂಬುದನ್ನೂ ಕೊಡುವವನೇ ಗೊತ್ತುಮಾಡುತ್ತಾನೆ. ಇದು ಹಂಗಿನ ಇನ್ನೊಂದು ಮುಖ. 2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಕಲಬುರಗಿ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧಿಪತಿಗಳು ಬಲವಾಗಿ ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ಏರ್ಪಾಡಿದ್ದರೂ ವಾದ ನಿಲ್ಲಲಿಲ್ಲ. ಆಗ ಮಕ್ಕಳಲ್ಲೇ ಕೆಲವರು "ನಮಗೆ ಮೊಟ್ಟೆ ಬೇಕು" ಎಂದು ಎದುರುನಿಂತು ಹೇಳಿದರು. ದೊಡ್ಡವರು ತಬ್ಬಿಬ್ಬಾದರು. ಆ ಜಿಲ್ಲೆಗಳ ಮಕ್ಕಳ ಮೈಗೆ ಮೊಟ್ಟೆ ಬೇಕೆಂಬುದನ್ನು ವೈದ್ಯರು ಹೇಳಲಿ; ನನಗೆ ಮುಖ್ಯವಾಗಿ ಕಂಡದ್ದು "ಬೇಕು" ಎಂಬ ಆ ಕ್ರಿಯಾಪದ. ಉಪ್ಪಿಟ್ಟಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಬಾಯಲ್ಲಿ ಅದು ಬರುತ್ತಿರಲಿಲ್ಲ.

ಹಾಗಾದರೆ ದಾನವೇ ಬೇಡವೆ? ಹಕ್ಕಿನ ಪಕ್ಷ ವಹಿಸುವ ಕೆಲವರು ಹಾಗೆನ್ನುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ, ಹೊರಗಿನಿಂದ ದುಡಿಯಲು ಬಂದ ಕೂಲಿಗಳು ಬೆಂಗಳೂರಿನಲ್ಲಿ ಸಿಕ್ಕಿಬಿದ್ದಾಗ, ಅವರ ಪಡಿತರ ಚೀಟಿ ಬಿಹಾರದಲ್ಲೋ ಒರಿಸ್ಸದಲ್ಲೋ ಇತ್ತು. ಹಕ್ಕಿಗೆ ವಿಳಾಸ ಬೇಕು, ಕಚೇರಿ ತೆರೆದಿರಬೇಕು. ಹಸಿವಿಗೆ ಎರಡೂ ಇರಲಿಲ್ಲ. ಆಗ ಮೊದಲು ಬಂದವರು ಗುರುದ್ವಾರದವರು, ಮಸೀದಿಯವರು, ಮಠಗಳವರು, ಬೀದಿಯ ಹುಡುಗರು. ಅವರು ಬಾರದಿದ್ದರೆ ಏನಾಗುತ್ತಿತ್ತೆಂದು ನೆನೆಯಲಾರೆ. ಆದರೆ ಎರಡು ತಿಂಗಳಾಗುವುದರೊಳಗೆ ಪೊಟ್ಟಣ ಸಣ್ಣದಾಯಿತು, ಬರುವ ದಿನಗಳು ಕಡಿಮೆಯಾದವು. ಕೊಟ್ಟವರ ಮನಸ್ಸು ಕೆಟ್ಟಿತೆಂದಲ್ಲ, ದಣಿದರು. ದಣಿಯುವುದಕ್ಕೆ ದಾನಿಗೆ ಅಧಿಕಾರವಿದೆ. ಹೊಟ್ಟೆಗೆ ಇಲ್ಲ.

ದಾಸೋಹವೆಂಬ ಮಾತನ್ನು ಹನ್ನೆರಡನೆಯ ಶತಮಾನದ ಶರಣರು ಬಹುಶಃ ಈ ತೊಡಕನ್ನು ಕಂಡೇ ಬಳಕೆಗೆ ತಂದಿರಬೇಕು. ಅಲ್ಲಿ ಕೊಡುವವನೇ ದಾಸ. ಅವನು ಕಾಯಕದಿಂದ ದುಡಿದದ್ದರಲ್ಲಿ ತನಗೆ ಬೇಕಾದದ್ದನ್ನು ಬಿಟ್ಟು ಉಳಿದದ್ದು ಮೊದಲಿನಿಂದಲೂ ಅವನದಲ್ಲ. ಹೀಗೆ ಕೊಡುವುದು ಮನುಷ್ಯನಿಗೆ ಸಾಧ್ಯವೆ? ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ದಿನವೂ ಅನ್ನ, ವಸತಿ, ಓದು ಒದಗಿಸಿದ್ದನ್ನು ನೋಡಿದರೆ ಸಾಧ್ಯವೆಂದೇ ಹೇಳಬೇಕು. ಅಲ್ಲಿ ಓದಿದ ಸ್ನೇಹಿತರೊಬ್ಬರು ಸಾರಿನ ಬಗ್ಗೆ ಈಗಲೂ ತಮಾಷೆ ಮಾಡುತ್ತಾರೆ. ಮಾಡಿ, ಕೂಡಲೇ ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪನಿಗೆ ಆ ತಮಾಷೆ ಬರುತ್ತಿರಲಿಲ್ಲ. ಇವರ ನಾಲಿಗೆ ಉಳಿದದ್ದು ಹೇಗೆ? ಅಲ್ಲಿ ಯಾರೂ ಒಂದು ಮನೆಯ ಎಲೆಯ ಮುಂದೆ ಒಬ್ಬನೇ ಕುಳಿತವರಲ್ಲ, ನಾಳೆಯೂ ಒಲೆ ಉರಿದೇ ಉರಿಯುತ್ತದೆಂಬ ಭರವಸೆಯಿತ್ತು, ಇಂತಿಂಥವರ ಅನ್ನ ಉಂಡೆನೆಂದು ನೆನೆಯಲು ದಾನಿಯ ಮುಖವೇ ಎದುರಿಗಿರಲಿಲ್ಲ. ಇವೇ ಕಾರಣವಿರಬಹುದು.

ಈಗಿನ ನಮ್ಮ ಅನ್ನದಾನದಲ್ಲಿ ಇರುವುದು ಬಹುಮಟ್ಟಿಗೆ ಮುಖವೇ. ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಊಟ ಹಾಕಿಸಿ ಫೋಟೋ ತೆಗೆಸಿಕೊಳ್ಳುವುದು ಪೇಟೆಗಳಲ್ಲಿ ವಾಡಿಕೆಯಾಗಿದೆ. ನಮ್ಮ ಬಡಾವಣೆಯ ಹತ್ತಿರ ಮುದುಕರಿಗಾಗಿ ನಡೆಸುವ ಒಂದು ಮನೆಯಿದೆ. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ನಾನೂ ಹೋಗಿದ್ದೆ. ನೋಡಿಕೊಳ್ಳುವವರು ಒಂದು ಉದ್ದನೆಯ ದಫ್ತರವನ್ನು ತೆಗೆದು ತೋರಿಸಿದರು. ಯುಗಾದಿಗೆ ನಾಲ್ಕು ಜನ, ದೀಪಾವಳಿಗೆ ಆರು ಜನ ಹೆಸರು ಬರೆಸಿದ್ದರು. ಅಂದು ಒಬ್ಬೊಬ್ಬ ಮುದುಕನಿಗೂ ಮೂರು ಬಗೆ ಪಾಯಸ. ಆಗಸ್ಟ್ 15 ಯಾವಾಗಲೋ ತುಂಬಿತ್ತು. ನಾನು ಕೇಳಿದ ತಾರೀಖಿಗೂ ಆಗಲೇ ಇಬ್ಬರಿದ್ದರು.

"ಖಾಲಿ ಯಾವುದಿದೆ?" ಎಂದೆ.

"ಆಷಾಢದಲ್ಲಿ ಬೇಕಾದಷ್ಟಿವೆ, ಸ್ವಾಮಿ. ಅದರಲ್ಲೂ ಮಂಗಳವಾರಗಳು" ಎಂದರು. ದೊಡ್ಡಪ್ಪನ ಏಳು ಮನೆಗಳಲ್ಲಿ ಮಂಗಳವಾರದ್ದೂ ಒಂದಿತ್ತು. ನಾವು ಕೆಲವರು ಸೇರಿ ಮಂಗಳವಾರಗಳನ್ನು ಹಂಚಿಕೊಂಡೆವು. ಬೇಳೆ, ಎಣ್ಣೆ, ಹುಣಿಸೆಹಣ್ಣು ತಿಂಗಳ ಮೊದಲೇ ಹೋಗುತ್ತದೆ, ನಾವು ಹೋಗುವುದಿಲ್ಲ. ಅಡಿಗೆಯಾಕೆಗೆ ಏನು ಮಾಡಬೇಕೆಂದು ಅಲ್ಲಿಯ ಮುದುಕಿಯರೇ ಹೇಳುತ್ತಾರಂತೆ. ಹೋದ ತಿಂಗಳು ಒಂದು ಚೀಟಿ ಬಂದಿತ್ತು: ನೀವು ಕಳಿಸಿದ ಬೇಳೆ ಬೇಗ ಬೇಯುವುದಿಲ್ಲ, ಬೇರೆ ಅಂಗಡಿ ನೋಡಿರಿ.